ಗ್ರಾಫೀನ್ ಬಗ್ಗೆ ಮಕ್ಕಳು ಕಂಡ ಕನಸುಗಳಲ್ಲಿ ನಮ್ಮ ಸೀಮೆಗೆ ಒದಗುವಂಥವು ಯಾವುವು?

ಬಂಗಾರಪೇಟೆ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದೇನೆ. ಈ ವರ್ಷ ನಮ್ಮ ವಿಜ್ಞಾನ ಸಂಘದ ಪ್ರಬಂಧ ಸ್ಪರ್ಧೆಗೆ ‘ಮುಂದಿನ ಐವತ್ತು ವರ್ಷಗಳಲ್ಲಿ ಗ್ರಾಫೀನ್’ ಎಂಬ ವಿಷಯವನ್ನು ಕೊಟ್ಟಿದ್ದೆವು. ಬಂದ ಪ್ರಬಂಧಗಳನ್ನು ಓದುತ್ತಿರುವಾಗ ನನಗೆ ಸಂತೋಷವೂ ಆಯಿತು, ಅವುಗಳಿಗೆ ಅಂಕ ಕೊಡುವುದು ಹೇಗೆಂಬ ಗೊಂದಲವೂ ಆಯಿತು.

ವಸ್ತುವಿನ ಬಗ್ಗೆ ತರಗತಿಯಲ್ಲಿ ನಾನು ಹೇಳಿದ್ದು ಇಷ್ಟು. ಗ್ರಾಫೀನ್ ಎಂದರೆ ಇಂಗಾಲದ ಪರಮಾಣುಗಳು ಷಡ್ಭುಜಗಳಾಗಿ ಹೆಣೆದುಕೊಂಡ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ. ಅದರ ದಪ್ಪ ಸುಮಾರು 0.335 ನ್ಯಾನೋಮೀಟರ್. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಥ ಹಾಳೆಗಳ ಕಟ್ಟೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರು ಅಂಟುಪಟ್ಟಿಯಿಂದ ಗ್ರಾಫೈಟನ್ನು ಪದರ ಪದರವಾಗಿ ಕಿತ್ತು ಒಂಟಿ ಹಾಳೆಯನ್ನು ಬೇರ್ಪಡಿಸಿದ್ದನ್ನು 2004ರಲ್ಲಿ ಪ್ರಕಟಿಸಿದರು. 2010ರ ಭೌತಶಾಸ್ತ್ರದ ನೊಬೆಲ್ ಅವರಿಗೇ ಸಂದಿತು. ಒಂದು ಚದರ ಮೀಟರ್ ಹಾಳೆಯ ತೂಕ 0.77 ಮಿಲಿಗ್ರಾಂ, ಒಂದು ಗ್ರಾಂನ ಮೇಲ್ಮೈ ಎರಡೂ ಬದಿ ಸೇರಿ ಸುಮಾರು 2,630 ಚದರ ಮೀಟರ್, ಕರ್ಷಣ ಬಲ ಸುಮಾರು 130 ಗಿಗಾಪ್ಯಾಸ್ಕಲ್. ಇವಿಷ್ಟನ್ನೂ ಮಕ್ಕಳು ಕಂಠಪಾಠ ಮಾಡಿದ್ದಾರೆ, ಅಲ್ಲಿಂದ ಮುಂದಕ್ಕೆ ಹಾರಿದ್ದಾರೆ.

ಒಬ್ಬ ವಿದ್ಯಾರ್ಥಿ ಕೆಜಿಎಫ್ ಗಣಿಯನ್ನು ಮತ್ತೆ ತೆರೆದು ಗ್ರಾಫೀನ್ ಹಗ್ಗದಲ್ಲಿ ಐದು ಕಿಲೋಮೀಟರ್ ಆಳಕ್ಕೆ ಇಳಿಯಬಹುದೆಂದು ಬರೆದಿದ್ದಾನೆ. ಇನ್ನೊಬ್ಬಳು ಭೂಮಿಯಿಂದ ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟಿದ್ದಾಳೆ. ನಲ್ಲಿಗೆ ಸಿಕ್ಕಿಸಿದರೆ ಫ್ಲೋರೈಡನ್ನು ತಡೆದು ನೀರನ್ನು ಮಾತ್ರ ಬಿಡುವ ಜಾಲರಿ, ಕೃಷಿ ಹೊಂಡದ ನೀರು ಆವಿಯಾಗದಂತೆ ಹೊದಿಸುವ ಹಾಳೆ, ರೇಷ್ಮೆಯೊಂದಿಗೆ ನೇಯ್ದ ಗುಂಡು ನಿರೋಧಕ ಬಟ್ಟೆ, ಸುರುಳಿ ಸುತ್ತಿ ಕಿಸೆಯಲ್ಲಿಡುವ ಟಿ.ವಿ., ಹೀಗೆ ಪಟ್ಟಿ ಬೆಳೆಯುತ್ತದೆ. ಬಹುತೇಕ ಎಲ್ಲರೂ ‘ಉಕ್ಕಿಗಿಂತ 200 ಪಟ್ಟು ಬಲಶಾಲಿ’ ಎಂಬ ವಾಕ್ಯದಿಂದಲೇ ಆರಂಭಿಸಿದ್ದಾರೆ.

ನನ್ನ ಪ್ರಶ್ನೆ ಇದು. ಇವುಗಳಲ್ಲಿ ಯಾವ ಕಲ್ಪನೆ ಭೌತಶಾಸ್ತ್ರದ ಲೆಕ್ಕಕ್ಕೆ ನಿಲ್ಲುತ್ತದೆ, ಯಾವುದು ಎಲ್ಲಿ ಮುರಿದು ಬೀಳುತ್ತದೆ? ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಮುರಿದು ಬೀಳುವ ಜಾಗವನ್ನು ಅವರಿಗೆ ತೋರಿಸಿಕೊಟ್ಟರೆ ಎರಡನೆಯ ಪ್ರಬಂಧವನ್ನು ಅವರು ಇನ್ನೂ ಚೆನ್ನಾಗಿ ಬರೆಯುತ್ತಾರೆ ಎಂಬ ನಂಬಿಕೆ ನನ್ನದು. ಆಯಾ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಾರಿಕುಪ್ಪಂ ಮೆಕ್ಯಾನಿಕಲ್

ಮೇಡಂ, ಗಣಿಯ ಹಗ್ಗ ಮತ್ತು ಬಾಹ್ಯಾಕಾಶದ ಹಗ್ಗ ಎರಡೂ ಒಂದೇ ಪಟ್ಟಿಯಲ್ಲಿ ಬಂದಿರುವುದನ್ನು ನೋಡಿ ನನಗೆ ತುಂಬ ಸಂತೋಷವಾಯಿತು, ಏಕೆಂದರೆ ಎರಡರ ಹಿಂದಿರುವ ಲೆಕ್ಕ ಒಂದೇ. ಉಕ್ಕಿನ ಹಗ್ಗಗಳ ನಡುವೆ ಹಲವು ವರ್ಷ ಕಳೆದವನಾದ್ದರಿಂದ ಈ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಇಳಿಬಿಟ್ಟ ಹಗ್ಗ ಹೊರಬೇಕಾದ ಮೊದಲ ಭಾರ ಅದರದೇ ತೂಕ. ಗಣಿಗಳಲ್ಲಿ ಬಳಸುವ ಒಳ್ಳೆಯ ಉಕ್ಕಿನ ತಂತಿಯ ಬಲವನ್ನು 1.8 ಗಿಗಾಪ್ಯಾಸ್ಕಲ್ ಎಂದಿಟ್ಟುಕೊಂಡು, ಅದನ್ನು ಸಾಂದ್ರತೆ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 23 ಕಿ.ಮೀ. ಬರುತ್ತದೆ. ಅಂದರೆ ಏನನ್ನೂ ಕಟ್ಟದಿದ್ದರೂ 23 ಕಿ.ಮೀ. ಉದ್ದದ ಉಕ್ಕಿನ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಮನುಷ್ಯರನ್ನು ಇಳಿಸುವ ಹಗ್ಗವನ್ನು ಅದರ ಪೂರ್ಣ ಬಲದವರೆಗೆ ಎಳೆಯಲು ಯಾರೂ ಬಿಡುವುದಿಲ್ಲ. ಸುರಕ್ಷತಾ ಗುಣಾಂಕವನ್ನು 5 ಎಂದು ಹಿಡಿದರೂ, ಅಂದರೆ ಬಲದ ಐದನೇ ಒಂದು ಭಾಗವನ್ನು ಮಾತ್ರ ಬಳಸಿದರೂ, 23 ಕಿ.ಮೀ. ಎಂಬುದು 4.7 ಕಿ.ಮೀ.ಗೆ ಇಳಿಯುತ್ತದೆ. ಎರಡು ಕಿ.ಮೀ. ಆಳದ ಶಾಫ್ಟಿನಲ್ಲಿ (ಗಣಿಯ ನೇರ ಇಳಿಬಾವಿಯಲ್ಲಿ) ಹಗ್ಗಕ್ಕೆ ಅನುಮತಿಸಿದ ಬಲದ ಶೇ. 40ಕ್ಕೂ ಹೆಚ್ಚು ಪಾಲು ಹಗ್ಗವನ್ನೇ ಎತ್ತಲು ಖರ್ಚಾಗುತ್ತದೆ. ಕೇಜು (ಜನರನ್ನು ಇಳಿಸುವ ಪಂಜರ), ಜನ, ಅದಿರು ಎಲ್ಲವೂ ಉಳಿದ ಪಾಲಿನಲ್ಲಿ ಹೊಂದಬೇಕು. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ ಹೋಗಿತ್ತು, ಆದರೆ ಆ ಆಳವನ್ನು ಒಂದೇ ಹಗ್ಗದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ನಡೆದು, ಭೂಮಿಯ ಒಳಗೇ ಇರುವ ಮತ್ತೊಂದು ಶಾಫ್ಟಿನ ಕೇಜು ಹತ್ತಬೇಕಾಗಿತ್ತು.

ಹಾಗಾಗಿ ಹಗುರವಾದ, ಬಲವಾದ ಇಂಗಾಲದ ಹಗ್ಗ ಎಂಬ ವಿದ್ಯಾರ್ಥಿಯ ಆಲೋಚನೆಯ ದಿಕ್ಕು ಸರಿಯಾಗಿದೆ. ಅದು ಗ್ರಾಫೀನಿಗಾಗಿ ಕಾಯಬೇಕಾಗಿಯೂ ಇಲ್ಲ. ಫಿನ್‌ಲೆಂಡಿನ ಕೋನೆ ಕಂಪನಿ 2013ರಲ್ಲಿಯೇ ಇಂಗಾಲದ ನಾರಿನ ಲಿಫ್ಟ್ ಪಟ್ಟಿಯನ್ನು ಪ್ರಕಟಿಸಿ, ಉಕ್ಕಿನ ಹಗ್ಗದಲ್ಲಿ ಸುಮಾರು 500 ಮೀಟರಿಗೆ ನಿಲ್ಲುತ್ತಿದ್ದ ಒಂದೇ ಓಟವನ್ನು 1,000 ಮೀಟರಿಗೆ ಏರಿಸಬಹುದೆಂದು ತೋರಿಸಿತು. ಆದರೆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ್ದು ಹಗ್ಗ ಸಾಲದೆ ಅಲ್ಲ. ಆಳಕ್ಕೆ ಹೋದಂತೆ ಅದಿರಿನಲ್ಲಿ ಚಿನ್ನದ ಅಂಶ ಕುಸಿದಿತ್ತು, ತೆಗೆಯುವ ಖರ್ಚು ಏರಿತ್ತು, ಬಂಡೆ ಸಿಡಿತದ ಅಪಾಯ ಹೆಚ್ಚಿತ್ತು. ಇವುಗಳಲ್ಲಿ ಯಾವುದನ್ನೂ ಹಗ್ಗ ಬಗೆಹರಿಸುವುದಿಲ್ಲ ಎಂಬ ಮಾತನ್ನು ಆ ಹುಡುಗನಿಗೆ ಹೇಳಲೇಬೇಕು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ನಾವು ಗಣಿ ಮರಳಿ ತೆರೆಯುವ ಮಾತನ್ನು ಹಗುರವಾಗಿ ಆಡಬಾರದು.

ಈಗ ಬಾಹ್ಯಾಕಾಶದ ಲಿಫ್ಟಿಗೆ ಬರೋಣ. ಆ ಕಲ್ಪನೆಯ ಬೀಜವನ್ನು ತ್ಸಿಯೋಲ್ಕೋವ್‌ಸ್ಕಿ 1895ರಲ್ಲಿ ಬಿತ್ತಿದರು. ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ಹಗ್ಗದ ರೂಪವನ್ನು ಯೂರಿ ಆರ್ಟ್ಸುತಾನೊವ್ 1960ರಲ್ಲಿ ಕೊಟ್ಟರು. ಹಗ್ಗ ಮುಟ್ಟಬೇಕಾದ ಭೂಸ್ಥಿರ ಕಕ್ಷೆ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಜಾಗದ ಮೇಲೆ ನಿಲ್ಲುವ ಕಕ್ಷೆ, ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ಮೇಲೆ ಹೋದಂತೆ ಗುರುತ್ವ ಕಡಿಮೆಯಾಗುತ್ತದೆ, ಭೂಮಿಯ ತಿರುಗುವಿಕೆಯಿಂದ ಹೊರಮುಖ ಎಳೆತ ಹೆಚ್ಚುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಅಷ್ಟು ಉದ್ದದ ಹಗ್ಗದ ಭಾರ, ನೆಲದ ಮಟ್ಟದ ಗುರುತ್ವದಲ್ಲಿ ತೂಗುವ ಸುಮಾರು 4,940 ಕಿ.ಮೀ. ಹಗ್ಗದ ಭಾರಕ್ಕೆ ಸಮ. ಈ ಅನುಕಲನವನ್ನು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳೇ ಮಾಡಬಲ್ಲರು, ದಯವಿಟ್ಟು ಮಾಡಿಸಿ.

ಮೇಲ್ಭಾಗದಲ್ಲಿ ಎಳೆತ ಹೆಚ್ಚಿರುವುದರಿಂದ ಹಗ್ಗವನ್ನು ಅಲ್ಲಿ ದಪ್ಪವಾಗಿಯೂ ಕೆಳಗೆ ತೆಳುವಾಗಿಯೂ ಮಾಡಬೇಕು. ದಪ್ಪದ ಅನುಪಾತ ಘಾತೀಯವಾಗಿ ಏರುತ್ತದೆ, ಪಾಠವಿರುವುದು ಇಲ್ಲಿಯೇ. ಉಕ್ಕಿನಲ್ಲಿ ಮಾಡಹೊರಟರೆ ತುದಿಯ ಅಡ್ಡಕೊಯ್ತಕ್ಕಿಂತ ಮೇಲಿನದು ಎಷ್ಟು ಪಟ್ಟಿರಬೇಕೆಂಬ ಸಂಖ್ಯೆಯಲ್ಲಿ 1ರ ಮುಂದೆ 90ಕ್ಕೂ ಹೆಚ್ಚು ಸೊನ್ನೆಗಳು ಬರುತ್ತವೆ. ಬಲವಾದ ಇಂಗಾಲದ ನಾರಿನಲ್ಲಿ, ಸುರಕ್ಷತಾ ಗುಣಾಂಕವನ್ನೇ ಬಿಟ್ಟರೂ, ಅದು ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಪಟ್ಟು. ಗ್ರಾಫೀನಿನ ಪುಸ್ತಕದ ಸಂಖ್ಯೆಯನ್ನು ನಂಬಿ, ಗುಣಾಂಕ 2 ಎಂದು ಹಿಡಿದರೆ ಕೇವಲ ಐದು ಪಟ್ಟು. ಎಂಜಿನಿಯರ್‌ಗಳು ಈ ಹಾಳೆಯ ಸುದ್ದಿ ಕೇಳಿ ಎದ್ದು ಕುಳಿತದ್ದಕ್ಕೆ ಕಾರಣ ಈ ಐದು ಎಂಬ ಅಂಕಿ.

ಮುರಿದು ಬೀಳುವ ಜಾಗ ಎಲ್ಲಿದೆ ಎಂದರೆ, ಆ 130 ಗಿಗಾಪ್ಯಾಸ್ಕಲ್ ಎಂಬ ಸಂಖ್ಯೆಯೊಳಗೇ ಇದೆ. ಅದನ್ನು 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಳೆದದ್ದು ಒಂದೆರಡು ಮೈಕ್ರೋಮೀಟರ್ ಅಗಲದ ಗುಳಿಯ ಮೇಲೆ ಹಾಸಿದ್ದ, ದೋಷವಿಲ್ಲದ ಹಾಳೆಯನ್ನು ವಜ್ರದ ಮೊನೆಯಿಂದ ಒತ್ತಿ. ಅದನ್ನೇ ಹಾಳೆಯ ಅಗಲಕ್ಕೆ ಹೇಳಿದರೆ ಮೀಟರಿಗೆ 42 ನ್ಯೂಟನ್, ಅಂದರೆ ಒಂದು ಸೆಂಟಿಮೀಟರ್ ಅಗಲದ ಒಂಟಿ ಪದರದ ಪಟ್ಟಿ ಹೊರುವುದು ಸುಮಾರು 43 ಗ್ರಾಂ. ಅಷ್ಟು ತೆಳು ಹಾಳೆಗೆ ಅದು ಅದ್ಭುತವೇ, ಆದರೆ ಅದರಿಂದ ಯಾರನ್ನೂ ಎತ್ತಲಾಗದು. ಒಂದು ಮಿಲಿಮೀಟರ್ ದಪ್ಪ ಬೇಕೆಂದರೆ ಸುಮಾರು 30 ಲಕ್ಷ ಪದರಗಳನ್ನು ಪೇರಿಸಬೇಕು, ಪೇರಿಸಿದ ಪದರಗಳು ಒಂದರ ಮೇಲೊಂದು ಜಾರುತ್ತವೆ. ಪೆನ್ಸಿಲ್ ಕಾಗದದ ಮೇಲೆ ಗೆರೆ ಬಿಡುವುದು ಆ ಜಾರುವಿಕೆಯಿಂದಲೇ. ಪದರಗಳನ್ನು ಬೆಸೆದು ಜಾರದಂತೆ ಮಾಡಹೋದರೆ ಬೆಸುಗೆಗಾಗಿ ಹಾಳೆಯೊಳಗಿನ ಬಂಧಗಳನ್ನೇ ಅಲ್ಲಲ್ಲಿ ಕೆಡಿಸಬೇಕಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗ್ರಾಫೀನ್ ಬಲಶಾಲಿಯಾದರೂ ಭಿದುರ, ಅಂದರೆ ಬಿರುಕು ಬಿಟ್ಟರೆ ತಟ್ಟನೆ ಒಡೆಯುವಂಥದು. ಬಿರುಕು ಹರಡದಂತೆ ತಡೆಯುವ ಗುಣವನ್ನು 2014ರಲ್ಲಿ ಅಳೆದಾಗ ಅದು ಸುಮಾರು 4 ಎಂಬ ಸಣ್ಣ ಸಂಖ್ಯೆ ಬಂತು. ಏಕಮಾನ ಮೆಗಾಪ್ಯಾಸ್ಕಲ್ ಗುಣಿಸು ಮೀಟರಿನ ವರ್ಗಮೂಲ. ಉಕ್ಕಿನಲ್ಲಿ ಇದು ಸಾಮಾನ್ಯವಾಗಿ 50ನ್ನು ದಾಟುತ್ತದೆ. ಬಿರುಕಿನ ಉದ್ದಕ್ಕೂ ಉಳಿಯುವ ಬಲಕ್ಕೂ ಇರುವ ಸಂಬಂಧ ಹೇಳುವ ಗ್ರಿಫಿತ್ ಸೂತ್ರಕ್ಕೆ ಈ 4ನ್ನು ಹಾಕಿ, ಹಾಳೆಯಲ್ಲಿ ಒಂದು ಮೈಕ್ರೋಮೀಟರ್ ಉದ್ದದ ಬಿರುಕಿದೆ ಎಂದು ಹಿಡಿಯಿರಿ. ಆಗ 130 ಗಿಗಾಪ್ಯಾಸ್ಕಲ್ ಎಂಬುದು ಸುಮಾರು 3 ಗಿಗಾಪ್ಯಾಸ್ಕಲ್‌ಗೆ ಕುಸಿಯುತ್ತದೆ. ಕೂದಲೆಳೆಯ ದಪ್ಪದ ಹತ್ತಾರು ಭಾಗಗಳಲ್ಲಿ ಒಂದು ಭಾಗದಷ್ಟಿರುವ ಬಿರುಕು, 36,000 ಕಿ.ಮೀ. ಉದ್ದದಲ್ಲಿ ಎಲ್ಲಿಯೂ ಇರಬಾರದು ಎಂದು ಯಾರು ತಾನೇ ಪ್ರಮಾಣಪತ್ರ ಕೊಟ್ಟಾರು?

ಉಕ್ಕಿನ ಹಗ್ಗವನ್ನು ನಾವು ನಂಬುವುದು ಅದರಲ್ಲಿ ದೋಷವಿಲ್ಲವೆಂದಲ್ಲ, ದೋಷವಿದ್ದರೂ ಅದು ಸುಳಿವು ಕೊಡುತ್ತದೆಂದು. ನೂರಕ್ಕೂ ಹೆಚ್ಚು ತಂತಿಗಳಲ್ಲಿ ಒಂದು ಹರಿದರೆ ಪಕ್ಕದವು ಭಾರ ಹಂಚಿಕೊಳ್ಳುತ್ತವೆ. ನಿಧಾನವಾಗಿ ಚಲಿಸುವ ಹಗ್ಗದ ಸುತ್ತ ಹತ್ತಿಯ ವೇಸ್ಟ್ ಹಿಡಿದು ನಿಂತರೆ ಹರಿದ ತಂತಿಯ ತುದಿ ಅದಕ್ಕೆ ಸಿಕ್ಕಿ ಎಳೆಯುತ್ತದೆ. ಆ ಎಳೆತವನ್ನು ಕೈಯಲ್ಲಿ ಅನುಭವಿಸಿದ ಮೇಲೆ ಮರೆಯಲಾಗುವುದಿಲ್ಲ. ಆ ಜಾಗಕ್ಕೆ ಗುರುತು ಹಾಕಿ, ಎಷ್ಟು ಉದ್ದದಲ್ಲಿ ಎಷ್ಟು ತಂತಿ ಹರಿದಿವೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನಿಗದಿತ ಕಾಲಕ್ಕೊಮ್ಮೆ ಹಗ್ಗದ ತುದಿಯನ್ನೇ ಕತ್ತರಿಸಿ ಪರೀಕ್ಷೆಗೆ ಕಳಿಸಿ, ಹೊಸದಾಗಿ ಕ್ಯಾಪಿಂಗ್ ಮಾಡುತ್ತಾರೆ, ಅಂದರೆ ಹೊಸ ತುದಿಯನ್ನು ಕೇಜಿಗೆ ಜೋಡಿಸುವ ಹಿಡಿಯಲ್ಲಿ ಕೂರಿಸುತ್ತಾರೆ.

ಆದ್ದರಿಂದ ನನ್ನ ಕಲ್ಪನೆ ಬೇರೆ. ಗ್ರಾಫೀನನ್ನು ಹಗ್ಗದ ಬಲವಾಗಿ ನೋಡದೆ ಹಗ್ಗದ ನರವಾಗಿ ನೋಡಬೇಕು. ಅದು ಒಳ್ಳೆಯ ವಿದ್ಯುದ್ವಾಹಕ. ಹಿಗ್ಗಿದರೆ, ಸೀಳಿದರೆ ಅದರ ಪ್ರತಿರೋಧ ಬದಲಾಗುತ್ತದೆ. ಪ್ರತಿ ಎಳೆಯ ಮೇಲೂ ಅದರ ತೆಳು ಲೇಪವಿದ್ದರೆ ಎರಡು ತುದಿಗಳಲ್ಲಿ ಅಳತೆ ಹಿಡಿದು ಹಗ್ಗದ ಒಳಗಿನ ಎಳೆ ಎಂದು ಹರಿಯಿತೆಂಬುದನ್ನು ತಿಳಿಯಬಹುದು. ಹತ್ತಿಯ ವೇಸ್ಟ್ ಹೊರಗಿನ ತಂತಿಯನ್ನು ಮಾತ್ರ ಹಿಡಿಯುತ್ತದೆ, ಒಳಗಿನ ತುಕ್ಕನ್ನಲ್ಲ. ಗಣಿಗೂ ಲಿಫ್ಟಿಗೂ ತೂಗುಸೇತುವೆಗೂ ಇಂಥ ಹಗ್ಗ ಬೇಕಾಗಿದೆ, ಅದಕ್ಕೆ ದೋಷರಹಿತ ಹಾಳೆಯೂ ಬೇಕಾಗಿಲ್ಲ.

ಚಿಂತಾಮಣಿ ತೋಟ

ಕೃಷಿ ಹೊಂಡದ ಹೊದಿಕೆಯ ಬಗ್ಗೆ ಎರಡು ಮಾತು. ನಾವು ಟೊಮ್ಯಾಟೊಗೆ ಹಾಸುವ ಮಲ್ಚಿಂಗ್ ಶೀಟು 25ರಿಂದ 30 ಮೈಕ್ರಾನ್ ದಪ್ಪವಿರುತ್ತದೆ. ಬೆಳೆ ಮುಗಿದ ಮೇಲೆ ಅದನ್ನೇ ಪೂರ್ತಿಯಾಗಿ ಎತ್ತಲಾಗದೆ ಚೂರುಗಳು ಮಣ್ಣಿನಲ್ಲಿ ಉಳಿಯುತ್ತಿವೆ. ಹೊಂಡಕ್ಕೆ ಬೇಕಾದದ್ದು ಗಾಳಿಗೆ, ದನದ ಕಾಲಿಗೆ, ಬಿಸಿಲಿಗೆ ತಡೆಯುವ, ಹರಿದರೆ ತೇಪೆ ಹಾಕಬಹುದಾದ, ಹಳತಾದಾಗ ಸುತ್ತಿ ತೆಗೆಯಬಹುದಾದ ಹೊದಿಕೆ. ತೆಳುವಾಗಿರುವುದು ಅಲ್ಲಿ ಗುಣವಲ್ಲ. ಈಗಿನ ತಾಡಪಾಲಿನೊಳಗೆ ಅತ್ಯಲ್ಪ ಗ್ರಾಫೀನ್ ಬೆರೆಸಿ ಅದು ಹತ್ತು ವರ್ಷ ಬಾಳುವಂತಾದರೆ ನಮಗೆ ಉಪಕಾರ. ಬರಿಯ ಗ್ರಾಫೀನಿನ ಹಾಳೆ ನಮಗೆ ಬೇಡ.

ತುಮಕೂರು ಪಾಲಿಮರ್

ಹೊದಿಕೆಯ ವಿಷಯದಲ್ಲಿ ಚಿಂತಾಮಣಿಯವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಪೊರೆಗಳ ಮೇಲೆ ಕೆಲಸ ಮಾಡುವವನಾದ್ದರಿಂದ ನೀರಿನ ಬಗ್ಗೆ ಬರೆಯುತ್ತೇನೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯ ಜನರಿಗೆ ಫ್ಲೋರೈಡ್ ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5.

ವಿಜ್ಞಾನದ ಕಡೆಯಿಂದ ನಿಮ್ಮ ವಿದ್ಯಾರ್ಥಿನಿಯ ಜಾಲರಿಗೆ ಗಟ್ಟಿ ಆಧಾರವಿದೆ. ಮ್ಯಾಂಚೆಸ್ಟರಿನಲ್ಲಿ ಕೇರಳ ಮೂಲದ ರಾಹುಲ್ ನಾಯರ್ ಮತ್ತು ಸಂಗಡಿಗರು 2012ರಲ್ಲಿ ಗ್ರಾಫೀನ್ ಆಕ್ಸೈಡಿನ (ಆಮ್ಲಜನಕ ಸೇರಿದ ಗ್ರಾಫೀನಿನ) ಪೊರೆ ಹೀಲಿಯಮ್ಮನ್ನೂ ತಡೆದು ನೀರಿನ ಆವಿಯನ್ನು ಮಾತ್ರ ಬಿಡುವುದನ್ನು ತೋರಿಸಿದರು. ನೀರಿನಲ್ಲಿ ನೆನೆದಾಗ ಆ ಪೊರೆಯ ಪದರಗಳು ಉಬ್ಬಿ ದೂರವಾಗುತ್ತವೆ, ಆಗ ಉಪ್ಪೂ ನುಸುಳುತ್ತದೆ. ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಬಿಗಿದು ಉಬ್ಬದಂತೆ ಹಿಡಿದು, ಶೇ. 97ರಷ್ಟು ಅಡುಗೆ ಉಪ್ಪನ್ನು ತಡೆಯಬಹುದೆಂದು 2017ರಲ್ಲಿ ಅದೇ ತಂಡ ಪ್ರಕಟಿಸಿತು. ನೀರಿನ ಅಣುಗಳ ಹೊದಿಕೆ ಹೊತ್ತ ಫ್ಲೋರೈಡ್ ಅಯಾನು ಗಾತ್ರದಲ್ಲಿ ಸೋಡಿಯಮ್ಮಿಗೆ ಹತ್ತಿರವಿರುವುದರಿಂದ, ಉಪ್ಪನ್ನು ತಡೆಯುವ ರಂಧ್ರ ಫ್ಲೋರೈಡನ್ನೂ ತಡೆಯಬೇಕೆಂದು ನಿರೀಕ್ಷಿಸಬಹುದು.

ಆದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತು ಯೋಚಿಸಿದಾಗ ಪ್ರಶ್ನೆಯೇ ಬದಲಾಗುತ್ತದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕದೊಳಗಿನ ಆರ್‌ಓ ಪೊರೆ ಫ್ಲೋರೈಡನ್ನು ಈಗಲೂ ಚೆನ್ನಾಗಿಯೇ ತಡೆಯುತ್ತದೆ. ಘಟಕ ನಿಲ್ಲುವುದು ಪೊರೆ ಕಟ್ಟಿಕೊಂಡು, ಪಂಪು ಕೆಟ್ಟು, ಬದಲಿಸುವವರಿಲ್ಲದೆ. ಹಿಂಬದಿಯ ಪೈಪಿನಿಂದ ಚರಂಡಿಗೆ ಹರಿಯುವ ತ್ಯಾಜ್ಯ ನೀರಂತೂ ಯಾವ ಪೊರೆ ಹಾಕಿದರೂ ತಪ್ಪುವುದಿಲ್ಲ.

ಇದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳಿ. ನೂರು ಲೀಟರಿನಲ್ಲಿ ಐವತ್ತನ್ನು ಶುದ್ಧ ಮಾಡಿ ಐವತ್ತನ್ನು ಹೊರಬಿಟ್ಟರೆ ಹೊರಬಿಟ್ಟದ್ದರಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ಇರುತ್ತದೆ. ಪೊರೆ ಉತ್ತಮವಾಗಿ ತೊಂಬತ್ತು ಲೀಟರ್ ಶುದ್ಧ ನೀರು ಸಿಕ್ಕಿತು ಎನ್ನೋಣ. ಉಳಿದ ಹತ್ತು ಲೀಟರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಇರುತ್ತದೆ. ಭೂಮಿಯಿಂದ ಮೇಲೆತ್ತಿದ ಫ್ಲೋರೈಡ್ ಎಲ್ಲಿಗೋ ಹೋಗಲೇಬೇಕು. ಪೊರೆ ಎಷ್ಟು ಜಾಣವಾದರೆ ತ್ಯಾಜ್ಯ ಅಷ್ಟು ಗಾಢ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಮತ್ತೆ ಅಂತರ್ಜಲಕ್ಕೇ ಇಳಿಯುತ್ತದೆ. ಹತ್ತು ಲೀಟರನ್ನು ತಳಕ್ಕೆ ಹಾಸು ಹಾಕಿದ ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿ ಲವಣವನ್ನು ಎತ್ತಿ ತೆಗೆಯುವುದು ಐವತ್ತು ಲೀಟರನ್ನು ಒಣಗಿಸುವುದಕ್ಕಿಂತ ಸುಲಭ, ಪಾವಗಡದಲ್ಲಿ ಬಿಸಿಲಿಗೆ ಬರವಿಲ್ಲ. ಆದ್ದರಿಂದ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಜಾಲರಿಯ ಜೊತೆಗೆ ಆ ತೊಟ್ಟಿಯನ್ನೂ ಸೇರಿಸಲು ಹೇಳಿ. ತೊಟ್ಟಿಯಿಲ್ಲದ ಜಾಲರಿ ಅರ್ಧ ಯೋಜನೆ.

ಗ್ರಾಫೀನ್ ನಿಜವಾಗಿ ನೆರವಾಗಬಹುದಾದ ಸ್ಥಳ ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ. ಈಗಿನ ಪಾಲಿಅಮೈಡ್ ಪೊರೆ ಕ್ಲೋರಿನ್ ತಾಗಿದರೆ ಹಾಳಾಗುತ್ತದೆ, ಆದ್ದರಿಂದ ಪೊರೆಯ ಮೇಲೆ ಬೆಳೆಯುವ ಜೀವಾಣುಗಳ ಲೋಳೆಯನ್ನು ಕ್ಲೋರಿನ್ ಬಳಸಿ ಕೊಲ್ಲುವಂತಿಲ್ಲ. ಇಂಗಾಲದ ಪೊರೆಗಳು ಕ್ಲೋರಿನ್ನನ್ನು ಹೆಚ್ಚು ತಾಳಿಕೊಳ್ಳಬಲ್ಲವು. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೂ, ಎಚ್.ಎನ್. ವ್ಯಾಲಿ ಯೋಜನೆಯ ಮೂಲಕ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬಿಡುತ್ತಿದ್ದಾರೆ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಇಲ್ಲಿನ ಜನ ಕೇಳುತ್ತಲೇ ಇದ್ದಾರೆ. ಜೀವಾಂಶ ತುಂಬಿದ ಅಂಥ ನೀರಿನಲ್ಲಿ ಪೊರೆಯ ಮೊದಲ ಶತ್ರು ಲೋಳೆಯೇ. ವರ್ಷಗಟ್ಟಲೆ ತೊಳೆದು ಬಳಸಬಹುದಾದ, ಕ್ಲೋರಿನ್ನಿಗೆ ಜಗ್ಗದ ಪೊರೆ ಬಂದರೆ ಮೂರನೆಯ ಹಂತದ ಖರ್ಚು ಇಳಿಯುತ್ತದೆ. ಇದಕ್ಕೆ ಆನೆ ನಿಂತರೂ ಹರಿಯದ ಹಾಳೆ ಬೇಕಿಲ್ಲ.

ಮತ್ತೊಂದು ಉದಾಹರಣೆ ನಮ್ಮ ದೇಶದ್ದೇ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ 2012ರಲ್ಲಿ ಸಕ್ಕರೆಯಿಂದ ಗ್ರಾಫೀನಿನಂಥ ಇಂಗಾಲವನ್ನು ತಯಾರಿಸಿ ನದಿ ಮರಳಿನ ಕಣಗಳ ಮೇಲೆ ಅಂಟಿಸಿ, ಆ ಮರಳು ನೀರಿನಿಂದ ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ಹೀರಿ ತೆಗೆಯುವುದನ್ನು ತೋರಿಸಿತು. ತರಕಾರಿ ಬೆಳೆಯುವ ಸೀಮೆಗೆ ಇದು ಹತ್ತಿರದ ವಿಷಯ. ಒಂದು ಎಚ್ಚರಿಕೆ ಏನೆಂದರೆ, ಬರಿಯ ಇಂಗಾಲಕ್ಕೆ ಫ್ಲೋರೈಡಿನ ಮೇಲೆ ಅಷ್ಟು ಒಲವಿಲ್ಲ. ಅದನ್ನು ಹಿಡಿಯಲು ಅಲ್ಯುಮಿನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡ್ ಬೇಕು, ಇಂಗಾಲ ಅವುಗಳಿಗೆ ವಿಶಾಲವಾದ ನೆಲೆಯಾಗಿ ಮಾತ್ರ ಒದಗುತ್ತದೆ.

ಕೊನೆಗೆ ನಮ್ಮ ಜಿಲ್ಲೆಯ ಪರವಾಗಿ ಒಂದು ಕಲ್ಪನೆಯನ್ನು ಪಟ್ಟಿಗೆ ಸೇರಿಸುತ್ತೇನೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2020ರಲ್ಲಿ ಕಲ್ಲಿದ್ದಲು, ಹಳೆಯ ಟೈರು, ಆಹಾರ ತ್ಯಾಜ್ಯದಂಥ ಇಂಗಾಲದ ಮೂಲಗಳಿಗೆ ಕ್ಷಣಮಾತ್ರ ಭಾರಿ ವಿದ್ಯುತ್ ಹಾಯಿಸಿ, 3,000 ಕೆಲ್ವಿನ್ನಿನ ಆಸುಪಾಸು ಕಾಯಿಸಿ, ಗ್ರಾಫೀನಿನ ಪುಡಿ ಪಡೆದರು. ತಿಪಟೂರಿನ ಕೊಬ್ಬರಿ ಸೀಮೆಯಲ್ಲಿ ಕರಟಕ್ಕೆ ಕೊರತೆಯಿಲ್ಲ. ಕರಟದ ಇದ್ದಿಲಿನಿಂದ ತಯಾರಾದ ಸಕ್ರಿಯ ಇಂಗಾಲವನ್ನು, ವಿದ್ಯುತ್ತನ್ನು ಮೇಲ್ಮೈಯಲ್ಲಿ ಕೂಡಿಟ್ಟು ಕ್ಷಣದಲ್ಲಿ ಬಿಡುವ ಸೂಪರ್ ಕೆಪಾಸಿಟರುಗಳಲ್ಲಿ ಈಗಲೇ ಬಳಸುತ್ತಾರೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಲ್ಲಿ ಮೋಡ ಹಾಯ್ದಾಗಲೆಲ್ಲ ಉತ್ಪಾದನೆ ತಟ್ಟನೆ ಇಳಿದು ಏರುತ್ತದೆ. ಆ ಕ್ಷಣಗಳ ಏರಿಳಿತವನ್ನು ತುಂಬಿಕೊಡಲು ಸೂಪರ್ ಕೆಪಾಸಿಟರು ಹೇಳಿ ಮಾಡಿಸಿದ ಸಾಧನ, ಅದಕ್ಕೆ ಬೇಕಾದದ್ದು ಹಾಳೆಯ ಬಲವಲ್ಲ, ಮೇಲ್ಮೈ. ತಿಪಟೂರಿನ ಕರಟ ಪಾವಗಡದ ಬಿಸಿಲನ್ನು ಹಿಡಿದಿಡುವ ಕಾಲ ಐವತ್ತು ವರ್ಷಕ್ಕಿಂತ ಬೇಗ ಬರಬಹುದು.

ಶಿಡ್ಲಘಟ್ಟ ರೀಲರ್

ಮೇಡಂ, ರೇಷ್ಮೆಯೊಂದಿಗೆ ಗ್ರಾಫೀನ್ ಎಂಬುದನ್ನು ಆ ವಿದ್ಯಾರ್ಥಿ ಬರಿಯ ಕನಸಾಗಿ ಬರೆದಿದ್ದರೂ ಅದು ಆಗಲೇ ನಡೆದಿರುವ ಕೆಲಸ. ಬೀಜಿಂಗಿನ ತ್ಸಿಂಗ್ಹುವಾ ವಿಶ್ವವಿದ್ಯಾಲಯದವರು ಹಿಪ್ಪುನೇರಳೆ ಸೊಪ್ಪಿಗೆ ಶೇ. 0.2ರಷ್ಟು ಇಂಗಾಲದ ನ್ಯಾನೋ ನಳಿಕೆ ಅಥವಾ ಗ್ರಾಫೀನ್ ಇರುವ ದ್ರಾವಣವನ್ನು ಸಿಂಪಡಿಸಿ ಹುಳುಗಳಿಗೆ ತಿನ್ನಿಸಿ, ಅವು ಕಟ್ಟಿದ ಗೂಡಿನ ಎಳೆ ಸಾಮಾನ್ಯ ರೇಷ್ಮೆಗಿಂತ ಶೇ. 50ರಷ್ಟು ಹೆಚ್ಚು ಎಳೆತ ತಡೆಯುವುದನ್ನು 2016ರಲ್ಲಿ ಪ್ರಕಟಿಸಿದರು. 1,050 ಡಿಗ್ರಿಗೆ ಕಾಯಿಸಿದಾಗ ಆ ರೇಷ್ಮೆ ವಿದ್ಯುತ್ತನ್ನೂ ಹಾಯಿಸಿತು.

ನೂಲು ಬಿಚ್ಚುವವನಾಗಿ ನನ್ನ ಅನುಭವ ಹೇಳುತ್ತೇನೆ. ಬೇಸಿನ್ನಿನ ಮುಂದೆ ಕುಳಿತ ಹೆಣ್ಣುಮಗಳಿಗೆ ಎಳೆ ಹರಿಯುವುದೇ ದೊಡ್ಡ ತೊಂದರೆ. ಹರಿದಾಗಲೆಲ್ಲ ಬಿಸಿನೀರಿನಲ್ಲಿ ಬೆರಳು ಅದ್ದಿ ತುದಿ ಹುಡುಕಿ ಮತ್ತೆ ಸೇರಿಸಬೇಕು. ಆದರೆ ಹರಿಯುವುದಕ್ಕೆ ಕಾರಣ ಬಹುಪಾಲು ರೇಷ್ಮೆಯ ಬಲ ಕಡಿಮೆಯಾದದ್ದಲ್ಲ; ಗೂಡು ಹದವಾಗಿ ಬೇಯದಿರುವುದು, ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟುವ ತಟ್ಟೆಯಲ್ಲಿ) ಹುಳು ಕಟ್ಟುವಾಗ ತೇವ ಹೆಚ್ಚಾಗಿ ಅಂಟು ಗಟ್ಟಿಯಾಗಿರುವುದು, ಎಳೆಯ ದಪ್ಪ ಒಂದೇ ಸಮನಾಗಿರದಿರುವುದು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಇರುತ್ತದೆ, ಅದು ಎಲ್ಲಿಯೂ ತಡೆಯಿಲ್ಲದೆ ಬಿಚ್ಚಿಕೊಂಡರೆ ಅದೇ ನಮಗೆ ಭಾಗ್ಯ. ಬಿರುಕಿನ ಬಗ್ಗೆ ಮಾರಿಕುಪ್ಪಂ ಅವರು ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಎಳೆ ಹರಿಯುವುದು ಅದರ ಸರಾಸರಿ ಬಲದ ಜಾಗದಲ್ಲಲ್ಲ, ಅತ್ಯಂತ ದುರ್ಬಲ ಜಾಗದಲ್ಲಿ.

ಇನ್ನೊಂದು ಚಿಂತೆಯನ್ನೂ ಹೇಳಿಬಿಡುತ್ತೇನೆ. ಹುಳು ತಿಂದ ಇಂಗಾಲವೆಲ್ಲ ನೂಲಿಗೇ ಬರುವುದಿಲ್ಲ. ಹಿಕ್ಕೆ ತಿಪ್ಪೆಗೆ ಹೋಗಿ, ತಿಪ್ಪೆ ಮರಳಿ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ; ಬಿಚ್ಚಿದ ಮೇಲೆ ಉಳಿದ ಹುಳುವನ್ನು ಎಣ್ಣೆಗೂ ಕೋಳಿ, ಮೀನಿನ ಮೇವಿಗೂ ಕೊಳ್ಳುತ್ತಾರೆ. ಅಷ್ಟು ಸಣ್ಣ ಇಂಗಾಲದ ಚೂರುಗಳು ಆ ದಾರಿಯಲ್ಲಿ ಎಲ್ಲಿ ಉಳಿಯುತ್ತವೆ, ಸಿಂಪಡಿಸುವವರ ಉಸಿರಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಆ ಪರೀಕ್ಷೆಯಲ್ಲಿ ಗೆದ್ದರೆ, ಸೀರೆಗಲ್ಲ, ಆಸ್ಪತ್ರೆಯ ಹೊಲಿಗೆ ದಾರಕ್ಕೆ, ನಾಡಿ ಬಡಿತ ಅಳೆಯುವ ಪಟ್ಟಿಗೆ ಇಂಥ ನೂಲು ಬೇಕಾದೀತು. ಅದಕ್ಕೆ ಕ್ವಿಂಟಲ್‌ಗಟ್ಟಲೆ ನೂಲು ಬೇಡ, ಕೆಲವೇ ಕಿಲೋ ಸಾಕು, ಬೆಲೆ ಮಾತ್ರ ಚೆನ್ನಾಗಿ ಸಿಗಬೇಕು.

ಬಂಗಾರಪೇಟೆ ಉಪನ್ಯಾಸಕಿ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಾಲ್ವರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳಿದ್ದೀರಿ: ‘200 ಪಟ್ಟು’ ಎಂಬ ವಾಕ್ಯವನ್ನು ಬದಿಗಿಟ್ಟರೆ ಗ್ರಾಫೀನಿನ ಉಪಯೋಗಗಳು ಕಾಣತೊಡಗುತ್ತವೆ. ಎರಡನೆಯ ಪ್ರಬಂಧಕ್ಕೆ ಆ ವಾಕ್ಯವಿಲ್ಲದೆ ಆರಂಭಿಸಬೇಕೆಂಬ ನಿಯಮ ಹಾಕುತ್ತೇನೆ. ಮಾರಿಕುಪ್ಪಂ ಅವರಲ್ಲಿ ಒಂದು ವಿನಂತಿ. ಬಿರುಕು ಬಲವನ್ನು ಕುಗ್ಗಿಸುತ್ತದೆ ಎಂಬುದನ್ನು ಮಕ್ಕಳು ಸೂತ್ರದಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಮಾಡಿ ನೋಡಬೇಕು. ನಮ್ಮ ಪ್ರಯೋಗಾಲಯದಲ್ಲಿ ತಕ್ಕಡಿ, ಸ್ಟ್ಯಾಂಡು, ಮಲ್ಟಿಮೀಟರ್ ಬಿಟ್ಟರೆ ಹೆಚ್ಚಿನದೇನಿಲ್ಲ. ಇಷ್ಟರಲ್ಲಿ ಮಾಡಬಹುದಾದ ಪ್ರಯೋಗವಿದೆಯೇ?

ಮಾರಿಕುಪ್ಪಂ ಮೆಕ್ಯಾನಿಕಲ್

ಖಂಡಿತ ಇದೆ, ಮೇಡಂ. ಅಡುಗೆಯ ಅಲ್ಯುಮಿನಿಯಂ ಫಾಯಿಲಿನಿಂದ 20 ಮಿಲಿಮೀಟರ್ ಅಗಲದ ಪಟ್ಟಿಗಳನ್ನೂ 15 ಮಿಲಿಮೀಟರ್ ಅಗಲದ ಪಟ್ಟಿಗಳನ್ನೂ ಹೊಸ ಬ್ಲೇಡಿನಿಂದ ಕತ್ತರಿಸಿ. 20 ಮಿಲಿಮೀಟರಿನ ಪಟ್ಟಿಗಳಲ್ಲಿ ಅರ್ಧದಷ್ಟಕ್ಕೆ ನಡುವೆ, ಒಂದು ಅಂಚಿನಿಂದ ಒಳಕ್ಕೆ, 5 ಮಿಲಿಮೀಟರ್ ಸೀಳು ಕೊಡಿ. ಸೀಳಿದ ಪಟ್ಟಿಯಲ್ಲಿಯೂ 15 ಮಿಲಿಮೀಟರಿನ ಪಟ್ಟಿಯಲ್ಲಿಯೂ ಭಾರ ಹೊರುವ ಅಗಲ ಒಂದೇ. ತುದಿಗಳನ್ನು ಐಸ್‌ಕ್ರೀಂ ಕಡ್ಡಿಗಳ ನಡುವೆ ಅಂಟಿಸಿ, ಕೆಳಗೆ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ನೀರನ್ನು ನಿಧಾನವಾಗಿ ಒಂದೇ ಧಾರೆಯಲ್ಲಿ ತುಂಬಿಸುತ್ತಾ ಹೋಗಿ. ಹರಿದ ಕೂಡಲೇ ಬಾಟಲಿಯನ್ನು ತೂಗಿ. ಸೀಳಿದ ಪಟ್ಟಿ ತನ್ನ ಸಮಾನ ಅಗಲದ ಪಟ್ಟಿಗಿಂತ ಸ್ಪಷ್ಟವಾಗಿ ಮೊದಲೇ ಹರಿಯುತ್ತದೆ. ಆಮೇಲೆ ಸೀಳಿನ ತುದಿಯಲ್ಲಿ ಸೂಜಿಯಿಂದ ದುಂಡನೆಯ ರಂಧ್ರ ಮಾಡಿ ಮತ್ತೊಮ್ಮೆ ನೋಡಿ, ಮೊನೆ ಮೊಂಡಾದರೆ ಏನಾಗುತ್ತದೆಂಬುದು ತಿಳಿಯುತ್ತದೆ.

ಮಲ್ಟಿಮೀಟರಿಗೂ ಕೆಲಸವಿದೆ. ಕಾಗದದ ಮೇಲೆ 6ಬಿ ಪೆನ್ಸಿಲಿನಿಂದ ದಪ್ಪ ಗೆರೆ ಎಳೆದು, ಎರಡು ತುದಿಗಳ ನಡುವಿನ ಪ್ರತಿರೋಧ ಅಳೆಯಿರಿ. ಕಾಗದವನ್ನು ಗೆರೆ ಹೊರಕ್ಕಿರುವಂತೆ ಬಾಗಿಸಿದರೆ ಪ್ರತಿರೋಧ ಏರುತ್ತದೆ, ಒಳಕ್ಕಿರುವಂತೆ ಬಾಗಿಸಿದರೆ ಇಳಿಯುತ್ತದೆ. ನಾನು ಹೇಳಿದ ಹಗ್ಗದ ನರ ಕೆಲಸ ಮಾಡುವುದು ಈ ತತ್ವದ ಮೇಲೆಯೇ.

ಫಾಯಿಲ್ ಪ್ರಯೋಗದಲ್ಲಿ ಪ್ರತಿ ಬಗೆಯ ಹತ್ತು ಪಟ್ಟಿಗಳನ್ನಾದರೂ ಹರಿಯಿಸಿ. ಹತ್ತರ ಸರಾಸರಿಯ ಜೊತೆಗೆ, ಎಲ್ಲಕ್ಕಿಂತ ಕಡಿಮೆ ಭಾರಕ್ಕೆ ಹರಿದ ಪಟ್ಟಿಯ ಅಂಕಿಯನ್ನು ಮಕ್ಕಳು ತಪ್ಪದೆ ಬರೆದಿಡಲಿ. ಹಗ್ಗದ ವಿನ್ಯಾಸವನ್ನು ನಾವು ಆರಂಭಿಸುವುದು ಆ ಅಂಕಿಯಿಂದ.